ದೇವರು ಬಲ್ಲ, ನಾವು ಬಲ್ಲೆವೇ?

ನಮ್ಮ ಕೆ.ಆರ್. ಪೇಟೆ ಸೀಮೆಯ ಹಳ್ಳಿಗಳಲ್ಲಿ ದಿನಕ್ಕೊಂದು ಸಲವಾದರೂ ಕಿವಿಗೆ ಬೀಳುವ ಮಾತು 'ಹಣೆಬರಹ'. ಬೋರ್‌ವೆಲ್‌ನಲ್ಲಿ ನೀರು ಬರಲಿಲ್ಲ, ಹಣೆಬರಹ. ಗೊತ್ತಾಗಿದ್ದ ಮದುವೆ ಮುರಿದು ಬಿತ್ತು, ಹಣೆಬರಹ. ಮಗ ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದ, ಅದೂ ಹಣೆಬರಹವೇ. ಮುಸ್ಲಿಮರ ಮನೆಯಲ್ಲಿ ಇದು 'ನಸೀಬ್' ಅಥವಾ 'ತಕ್ದೀರ್' ಆಗುತ್ತದೆ. ಕ್ರೈಸ್ತರ ಮನೆಯಲ್ಲಿ 'ದೇವರ ಚಿತ್ತ' ಎನ್ನಿಸಿಕೊಳ್ಳುತ್ತದೆ. ಹೆಸರು ಬೇರೆ ಬೇರೆ, ನಿಟ್ಟುಸಿರು ಒಂದೇ.

ಆದರೆ ಇದೇ ಜನ ಪಕ್ಕದ ಹೊಲದವನು ಬದು ಒತ್ತಿದಾಗ ಹಣೆಬರಹವೆಂದು ಸುಮ್ಮನೆ ಕೂರುವುದಿಲ್ಲ. ನಾಲ್ಕು ಜನರನ್ನು ಕರೆಸಿ ಪಂಚಾಯ್ತಿ ಸೇರಿಸುತ್ತಾರೆ. ಅಲ್ಲಿ ಬಗೆಹರಿಯದಿದ್ದರೆ ಕೋರ್ಟಿಗೆ ಹೋಗುತ್ತಾರೆ. ಅವನು ಬೇಕೆಂದೇ ಮಾಡಿದ್ದಾನೆ, ಬಿಡಬಾರದು ಎನ್ನುತ್ತಾರೆ. ನಮ್ಮ ಸೋಲಿಗೆ ವಿಧಿ ಹೊಣೆ, ಪರರ ತಪ್ಪಿಗೆ ಪರರೇ ಹೊಣೆ. ಮನುಷ್ಯನ ಈ ಲೆಕ್ಕಾಚಾರ ಬಹಳ ಹಳೆಯದು. ಅದರ ಹಿಂದಿರುವ ಪ್ರಶ್ನೆಯೂ ಅಷ್ಟೇ ಹಳೆಯದು.

ಪ್ರಶ್ನೆ ಇದು. ದೇವರು ಎಲ್ಲವನ್ನೂ ಬಲ್ಲವನು ಎಂದು ಯಹೂದಿಗಳು, ಕ್ರೈಸ್ತರು, ಮುಸ್ಲಿಮರು ಮೂವರೂ ನಂಬುತ್ತಾರೆ. ಒಬ್ಬ ಅಂಗಡಿಯವನು ನಾಳೆ ತೂಕದಲ್ಲಿ ಮೋಸ ಮಾಡುತ್ತಾನೆ ಎಂದಿಟ್ಟುಕೊಳ್ಳೋಣ. ಅದು ದೇವರಿಗೆ ಇಂದೇ ಗೊತ್ತು. ದೇವರ ಅರಿವು ಎಂದೂ ತಪ್ಪಾಗದು. ಹಾಗಾದರೆ ನಾಳೆ ಆತ ಮೋಸ ಮಾಡದೇ ಇರಲು ಸಾಧ್ಯವೇ? ಸಾಧ್ಯವಿಲ್ಲವೆಂದರೆ, ಬೇರೆ ದಾರಿಯೇ ಇಲ್ಲದವನನ್ನು ಪಾಪಿಯೆಂದು ಶಿಕ್ಷಿಸುವುದು ಯಾವ ನ್ಯಾಯ? ಸಾಧ್ಯವಿದೆಯೆಂದರೆ, ದೇವರ ಅರಿವು ಸುಳ್ಳಾಗುವ ಸಾಧ್ಯತೆಯನ್ನು ಒಪ್ಪಿದಂತಾಗಲಿಲ್ಲವೇ? ಕ್ರೈಸ್ತ ಚಿಂತಕರು ಒಂದೂವರೆ ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಈ ಗಂಟನ್ನು ಬಿಚ್ಚಲು ಯತ್ನಿಸಿದ್ದಾರೆ. ಅವರು ಹೇಳಿದ್ದೇನು, ಅದು ನಮ್ಮದೇ ಮಂಡ್ಯ ಜಿಲ್ಲೆಯ ನೆಲದಲ್ಲಿ ಒಬ್ಬ ಪಾದ್ರಿಯ ಬಾಳಿನಲ್ಲಿ ಹೇಗೆ ಪರೀಕ್ಷೆಗೆ ಒಳಗಾಯಿತು ಎಂಬುದನ್ನು ನೋಡುವುದು ಈ ಬರಹದ ಉದ್ದೇಶ.

ನಮ್ಮ ತಾಲ್ಲೂಕಿನ ಗೋವಿಂದನಹಳ್ಳಿಯಲ್ಲಿ ಹೊಯ್ಸಳರ ಕಾಲದ ಪಂಚಲಿಂಗೇಶ್ವರ ದೇವಾಲಯವಿದೆ. 13ನೇ ಶತಮಾನದ್ದು. ಐದು ಗರ್ಭಗುಡಿಗಳು ಒಂದೇ ಸಾಲಿನಲ್ಲಿ ನಿಂತಿರುವುದು ಅದರ ವಿಶೇಷ. ಅಲ್ಲಿ ಕೆಲಸ ಮಾಡಿದ ಶಿಲ್ಪಿಗಳಲ್ಲಿ ರೂವಾರಿ ಮಲ್ಲಿತಮ್ಮನೂ ಒಬ್ಬನೆಂದು ಇತಿಹಾಸಕಾರರು ಗುರುತಿಸಿದ್ದಾರೆ. ಶಿಲ್ಪಿಯ ಉಳಿಯ ಮುಂದೆ ಕಲ್ಲಿಗೆ ಇಷ್ಟಾನಿಷ್ಟವಿರಲಿಲ್ಲ. ಒಂದು ಕಲ್ಲು ದೇವರಾಯಿತು, ಇನ್ನೊಂದು ಮೆಟ್ಟಿಲಾಯಿತು. ಮೆಟ್ಟಿಲಾದ ಕಲ್ಲು ತನಗೇಕೆ ಈ ಗತಿ ಎಂದು ಕೇಳಲಿಲ್ಲ. ಮನುಷ್ಯನೂ ದೇವರ ಕೈಯಲ್ಲಿ ಹೀಗೆಯೇ ಇದ್ದಾನೆಯೇ?

ಬೈಬಲಿನಲ್ಲಿ ಇಂಥದೇ ಒಂದು ಹೋಲಿಕೆಯಿದೆ. ಅಲ್ಲಿ ಶಿಲ್ಪಿಯ ಜಾಗದಲ್ಲಿ ಕುಂಬಾರ, ಕಲ್ಲಿನ ಜಾಗದಲ್ಲಿ ಜೇಡಿಮಣ್ಣು. ಪೌಲನು ರೋಮಿನವರಿಗೆ ಬರೆದ ಪತ್ರದ ಒಂಬತ್ತನೇ ಅಧ್ಯಾಯದಲ್ಲಿ, ಒಂದೇ ಮುದ್ದೆಯಿಂದ ಒಂದು ಮಡಕೆಯನ್ನು ಗೌರವದ ಬಳಕೆಗೂ ಇನ್ನೊಂದನ್ನು ಹೀನ ಬಳಕೆಗೂ ಮಾಡಲು ಕುಂಬಾರನಿಗೆ ಅಧಿಕಾರವಿಲ್ಲವೇ ಎಂಬ ಅರ್ಥದ ಮಾತನ್ನಾಡುತ್ತಾನೆ. ಮನುಷ್ಯನಿಗೆ ಸ್ವಾತಂತ್ರ್ಯವಿಲ್ಲ ಎನ್ನುವವರೆಲ್ಲ ಈ ಅಧ್ಯಾಯವನ್ನು ಮುಂದಿಡುತ್ತಾರೆ. ಆದರೆ ಪೌಲನಿಗಿಂತ ಆರು ಶತಮಾನಗಳಷ್ಟು ಹಿಂದಿನ ಪ್ರವಾದಿ ಯೆರೆಮೀಯನ ಗ್ರಂಥದಲ್ಲಿಯೂ ಕುಂಬಾರ ಬರುತ್ತಾನೆ. ಅಲ್ಲಿ ದೇವರು ಹೇಳುವುದು ಬೇರೆ. ಒಂದು ಜನಾಂಗವನ್ನು ಕಿತ್ತೆಸೆಯುವೆನೆಂದು ತಾನು ನುಡಿದಿದ್ದರೂ ಆ ಜನ ಕೆಡುಕನ್ನು ಬಿಟ್ಟು ತಿರುಗಿದರೆ ತಾನೂ ಮನಸ್ಸು ಬದಲಿಸುವೆ ಎಂಬುದು ಅಲ್ಲಿನ ತಾತ್ಪರ್ಯ. ಈ ಮಣ್ಣು ತಿರುಗಬಲ್ಲದು, ಉತ್ತರ ಕೊಡಬಲ್ಲದು. ಒಂದೇ ಧರ್ಮಗ್ರಂಥದಲ್ಲಿ ಎರಡು ಕುಂಬಾರರ ಮಾತುಗಳಿವೆ. ಕ್ರೈಸ್ತರ ಇಡೀ ಚರ್ಚೆ ಇವೆರಡರ ನಡುವೆ ನಡೆದಿದೆ.

ಈ ಚರ್ಚೆಯಲ್ಲಿ ಮೊದಲು ನೆನೆಯಬೇಕಾದವರು ಸಂತ ಅಗಸ್ಟೀನ್. ಉತ್ತರ ಆಫ್ರಿಕದಲ್ಲಿ 354ರಿಂದ 430ರವರೆಗೆ ಬಾಳಿದವರು. ಅವರ ಉತ್ತರ ಸರಳವಾಗಿದೆ. ನಿನ್ನೆ ನಡೆದ ಒಂದು ಕಳ್ಳತನ ನಮಗೆ ನೆನಪಿದೆ. ನಮ್ಮ ನೆನಪು ಕಳ್ಳನ ಕೈಹಿಡಿದು ಕದಿಯುವಂತೆ ಮಾಡಲಿಲ್ಲ. ಹಾಗೆಯೇ ನಾಳಿನದನ್ನು ದೇವರು ಬಲ್ಲನೆಂಬುದರಿಂದ ಆ ಕೆಲಸವನ್ನು ದೇವರೇ ಮಾಡಿಸಿದಂತಾಗದು. ಅರಿಯುವುದು ಒಂದು, ಮಾಡಿಸುವುದು ಇನ್ನೊಂದು.

ಅಗಸ್ಟೀನರ ನಂತರ ಬಂದ ಬೊಯೆಥಿಯಸ್ ರೋಮಿನ ದೊಡ್ಡ ಅಧಿಕಾರಿಯಾಗಿದ್ದವರು. ರಾಜದ್ರೋಹದ ಆಪಾದನೆಗೆ ಸಿಕ್ಕಿ ಸೆರೆಮನೆ ಸೇರಿದರು. 524ರ ಸುಮಾರಿಗೆ ಅವರನ್ನು ಕೊಲ್ಲಲಾಯಿತು. ಸಾವನ್ನು ಕಾಯುತ್ತಾ ಬರೆದ ಪುಸ್ತಕದ ಕೊನೆಯ ಭಾಗದಲ್ಲಿ ಅವರು ಇದೇ ಪ್ರಶ್ನೆಯನ್ನು ಎತ್ತಿಕೊಂಡರು. ನಾಳೆ ತನ್ನ ಕೊರಳಿಗೆ ಕತ್ತಿ ಬೀಳಲಿದೆ ಎಂದು ತಿಳಿದವನಿಗೆ ಇದು ಬರೀ ಪಾಂಡಿತ್ಯದ ಕಸರತ್ತಾಗಿರಲಿಲ್ಲ. ದೇವರಿಗೆ ನಿನ್ನೆ, ನಾಳೆ ಎಂಬುದೇ ಇಲ್ಲ, ಇಡೀ ಕಾಲ ಅವನೆದುರು ಒಮ್ಮೆಗೇ ಇದೆ ಎಂದು ಅವರು ವಾದಿಸಿದರು. ಒಬ್ಬ ನಡೆಯುತ್ತಿರುವುದನ್ನು ನಾವು ನೋಡುತ್ತಿರುವಾಗ ಅವನು ನಡೆಯುತ್ತಿರುವುದು ಖಚಿತ. ಆದರೆ ನಮ್ಮ ನೋಟ ಅವನ ಕಾಲನ್ನು ಎಳೆಯುತ್ತಿಲ್ಲ. 13ನೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಇದಕ್ಕೊಂದು ಚಿತ್ರ ಕೊಟ್ಟರು. ದಾರಿಯಲ್ಲಿ ಹೋಗುವವನಿಗೆ ತನ್ನ ಹಿಂದೆ ಬರುವವರು ಕಾಣರು. ಎತ್ತರದಲ್ಲಿ ನಿಂತವನಿಗೆ ಇಡೀ ಸಾಲು ಒಟ್ಟಿಗೇ ಕಾಣುತ್ತದೆ. ಮೇಲುಕೋಟೆಯ ಬೆಟ್ಟ ಹತ್ತಿ ಕೆಳಗಿನ ರಸ್ತೆಯನ್ನು ನೋಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಮನಸ್ಸು ಪೂರ್ತಿ ಒಪ್ಪುವುದಿಲ್ಲ. ಬೆಟ್ಟದ ಮೇಲೆ ನಿಂತವನು ದಾರಿಯನ್ನೂ ಮಾಡಿದವನಲ್ಲ, ದಾರಿಹೋಕನನ್ನೂ ಸೃಷ್ಟಿಸಿದವನಲ್ಲ. ದೇವರಾದರೋ ಎರಡನ್ನೂ ಮಾಡಿದವನು. ಈ ತೊಡಕನ್ನು ಎದುರಿಸಿದಾಗ ಕ್ರೈಸ್ತರಲ್ಲಿ ದಾರಿಗಳು ಕವಲೊಡೆದವು. 16ನೇ ಶತಮಾನದ ಸುಧಾರಕ ಜಾನ್ ಕ್ಯಾಲ್ವಿನ್, ಯಾರಿಗೆ ರಕ್ಷಣೆ, ಯಾರಿಗೆ ತಿರಸ್ಕಾರ ಎಂಬುದನ್ನು ದೇವರು ಅನಾದಿಯಲ್ಲೇ ನಿರ್ಣಯಿಸಿದ್ದಾನೆ ಎಂದರು. ಸ್ಪೇನಿನ ಜೆಸ್ವಿಟ್ ಪಾದ್ರಿ ಲೂಯಿಸ್ ದೆ ಮೊಲಿನ 1588ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬೇರೊಂದು ದಾರಿ ತೋರಿದರು. ಯಾವ ಮನುಷ್ಯ ಯಾವ ಸಂದರ್ಭದಲ್ಲಿ ತನ್ನ ಸ್ವಂತ ಇಚ್ಛೆಯಿಂದ ಏನು ಮಾಡುತ್ತಾನೆ ಎಂಬುದು ದೇವರಿಗೆ ಗೊತ್ತು, ಅದನ್ನು ತಿಳಿದೇ ಆತ ಲೋಕವನ್ನು ನಡೆಸುತ್ತಾನೆ, ಇಚ್ಛೆ ಮಾತ್ರ ಮನುಷ್ಯನದೇ ಎಂಬುದು ಅವರ ವಾದ. ಡೊಮಿನಿಕನ್ ಪಂಥದ ವಿದ್ವಾಂಸರು ಇದನ್ನು ಕಟುವಾಗಿ ವಿರೋಧಿಸಿದರು. ಮನುಷ್ಯನ ಆಯ್ಕೆಯನ್ನು ದೇವರು ಕಾದು ನೋಡಬೇಕೆಂದರೆ ದೇವರ ದೊಡ್ಡತನ ಎಲ್ಲಿ ಉಳಿಯಿತು ಎಂದು ಕೇಳಿದರು. ಜಗಳ ರೋಮಿಗೆ ಹೋಯಿತು. 1597ರಿಂದ ಹತ್ತು ವರ್ಷ ವಿಚಾರಣೆ ನಡೆಯಿತು. 1607ರಲ್ಲಿ ಐದನೇ ಪೌಲ್ ಪೋಪರು ಅದನ್ನು ನಿಲ್ಲಿಸಿದರು. ಯಾರು ಗೆದ್ದರೆಂದು ಹೇಳಲಿಲ್ಲ. ಒಬ್ಬರು ಇನ್ನೊಬ್ಬರನ್ನು ಧರ್ಮಬಾಹಿರರೆಂದು ಕರೆಯಕೂಡದು ಎಂದಷ್ಟೇ ವಿಧಿಸಿದರು.

ಹತ್ತು ವರ್ಷ ವಾದಿಸಿ ಕೊನೆಗೆ ಇಷ್ಟೆಯೇ ಎಂದು ಕೆಲವರಿಗೆ ನಗು ಬರಬಹುದು. ನಮಗೆ ಆ ತೀರ್ಮಾನದಲ್ಲಿ ಒಂದು ದೊಡ್ಡ ವಿವೇಕ ಕಾಣುತ್ತದೆ. ದೇವರಿಗೆ ಗೊತ್ತಿರುವುದು ಹೇಗೆ ಎಂಬುದನ್ನು ಮನುಷ್ಯ ಪೂರ್ತಿ ತಿಳಿಯಲಾರ, ಆದ್ದರಿಂದ ಆ ವಿಷಯದಲ್ಲಿ ಇನ್ನೊಬ್ಬನ ಮೇಲೆ ತೀರ್ಪು ಕೊಡಬೇಡ ಎಂಬುದು ಅದರ ಸಾರ. ಎಲ್ಲರಿಗಿಂತ ಕಠೋರವಾಗಿ ಮಾತಾಡಿದ ಕ್ಯಾಲ್ವಿನ್ ಕೂಡ ಈ ಎಚ್ಚರವನ್ನು ಬಿಟ್ಟವರಲ್ಲ. ಯಾರು ಆಯ್ಕೆಯಾದವರು, ಯಾರು ಅಲ್ಲ ಎಂಬುದು ನಮಗೆ ತಿಳಿಯದ ಕಾರಣ ಎಲ್ಲರೂ ರಕ್ಷಣೆ ಹೊಂದಲಿ ಎಂದು ಬಯಸಬೇಕೆಂಬ ಅಗಸ್ಟೀನರ ಬುದ್ಧಿವಾದವನ್ನು ಅವರು ತಮ್ಮ ಗ್ರಂಥದಲ್ಲಿ ಒಪ್ಪಿ ಎತ್ತಿಕೊಂಡಿದ್ದಾರೆ.

ಈ ವಿವೇಕದ ಬೇರು ಸುವಾರ್ತೆಗಳಲ್ಲೇ ಇದೆ. ಯೇಸು ಸೆರೆಯಾಗುವ ರಾತ್ರಿ ಇಬ್ಬರು ಶಿಷ್ಯರ ಬಗ್ಗೆ ಮುಂಚಿತವಾಗಿ ನುಡಿದರು. ಒಬ್ಬನು ತನ್ನನ್ನು ಹಿಡಿದುಕೊಡುತ್ತಾನೆ ಎಂದರು, ಅವನು ಯೂದ. ಇನ್ನೊಬ್ಬನು ಕೋಳಿ ಕೂಗುವ ಮೊದಲು ಮೂರು ಸಲ ತನ್ನನ್ನು ಅರಿಯೆನೆನ್ನುತ್ತಾನೆ ಎಂದರು, ಅವನು ಪೇತ್ರ. ಎರಡೂ ನುಡಿದಂತೆಯೇ ನಡೆದವು. ಪೇತ್ರ ಬೆಂಕಿ ಕಾಯಿಸಿಕೊಳ್ಳುತ್ತಾ ಮೂರು ಸಲ ಸುಳ್ಳು ಹೇಳಿದ. ಕೋಳಿ ಕೂಗಿತು. ಗುರುವಿನ ಮಾತು ನೆನಪಾಯಿತು. ಹೊರಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತ. ಯೂದನಿಗೂ ಪಶ್ಚಾತ್ತಾಪವಾಯಿತು ಎಂದು ಮತ್ತಾಯನ ಸುವಾರ್ತೆ ಹೇಳುತ್ತದೆ. ಆತ ಮೂವತ್ತು ಬೆಳ್ಳಿ ನಾಣ್ಯಗಳನ್ನು ಹಿಂದಿರುಗಿಸಿದ. ಆಮೇಲೆ ಹೋಗಿ ನೇಣು ಹಾಕಿಕೊಂಡ.

ಮುಂಚಿತವಾಗಿ ತಿಳಿದಿದ್ದುದು ಇಬ್ಬರ ವಿಷಯದಲ್ಲೂ ಒಂದೇ. ಆದರೆ ಒಬ್ಬ ಮರಳಿದ, ಇನ್ನೊಬ್ಬ ತನ್ನ ಕಥೆ ಮುಗಿಯಿತೆಂದು ತಾನೇ ನಿರ್ಧರಿಸಿದ. ಪೇತ್ರನಿಗೆ ಹೇಳಿದ ಭವಿಷ್ಯ ಅವನನ್ನು ಬೀಳದಂತೆ ತಡೆಯಲಿಲ್ಲ, ಬಿದ್ದ ಮೇಲೆ ಎದ್ದು ಬರಲು ನೆರವಾಯಿತು. ಲೂಕನ ಸುವಾರ್ತೆಯ ಪ್ರಕಾರ, ನೀನು ತಿರುಗಿ ಬಂದ ಮೇಲೆ ನಿನ್ನ ಸೋದರರನ್ನು ಬಲಪಡಿಸು ಎಂದು ಯೇಸು ಆತನಿಗೆ ಮೊದಲೇ ಹೇಳಿಟ್ಟಿದ್ದರು. ಬೀಳುವುದನ್ನು ಬಲ್ಲವರು ಏಳುವುದನ್ನೂ ಬಲ್ಲವರಾಗಿದ್ದರು. ಯೂದನ ದುರಂತವೆಂದರೆ ಆತ ಕೊನೆಯ ತೀರ್ಪನ್ನು ದೇವರ ಕೈಗೆ ಬಿಡಲಿಲ್ಲ. ತಾನೇ ಬರೆದುಕೊಂಡ.

ಇನ್ನು ನಾವು ಶ್ರೀರಂಗಪಟ್ಟಣಕ್ಕೆ ಬರೋಣ. ಅಲ್ಲಿನ ಗಂಜಾಮ್‌ನಲ್ಲಿ ಅಬ್ಬೆ ದುಬಾಯ್ ಹೆಸರಿನಿಂದ ಕರೆಯಲಾಗುವ ಒಂದು ಹಳೆಯ ಚರ್ಚ್ ಇದೆ. ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಗೆ ಸೇರಿದ ಈ ಫ್ರೆಂಚ್ ಪಾದ್ರಿ, ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ಭಾರತಕ್ಕೆ ಬಂದವರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನರು ಹುತಾತ್ಮರಾದ ಮೇಲೆ ಅವರು ಇಲ್ಲಿಗೆ ಬಂದರು. ಬಂದ ಕೆಲಸ ಸಣ್ಣದಾಗಿರಲಿಲ್ಲ. 1784ರಲ್ಲಿ ಕರಾವಳಿಯ ಸಾವಿರಾರು ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ತರಲಾಗಿತ್ತು. ಸುಲ್ತಾನರ ಉದ್ದೇಶವೇನು, ಸೆರೆಯಾದವರ ಸಂಖ್ಯೆ ಎಷ್ಟು ಎಂಬ ಬಗ್ಗೆ ವಾದಗಳಿವೆ. ಆದರೆ ಅವರಲ್ಲಿ ಅನೇಕರ ಮೇಲೆ ಮತಾಂತರವನ್ನು ಹೇರಲಾಯಿತು ಎಂಬುದನ್ನು ಅಲ್ಲಗಳೆಯಲಾಗದು. ಧರ್ಮದಲ್ಲಿ ಬಲಾತ್ಕಾರವಿಲ್ಲ ಎಂದು ಸಾರುವ ಗ್ರಂಥವನ್ನು ಎದೆಗೊತ್ತಿಕೊಳ್ಳುವ ನಾವು ಇದನ್ನು ಹೇಳಲು ಹಿಂಜರಿಯಬೇಕಾಗಿಲ್ಲ.

ಹೀಗೆ ಬಲವಂತಕ್ಕೆ ಸಿಕ್ಕಿ ಹೆಸರು, ವೇಷ, ಪ್ರಾರ್ಥನೆ ಎಲ್ಲವನ್ನೂ ಬದಲಿಸಿಕೊಂಡವರು ಪಾದ್ರಿಯ ಮುಂದೆ ಬಂದು ನಿಂತಾಗ ಅವರನ್ನು ಏನೆಂದು ತಿಳಿಯಬೇಕು? ನಂಬಿಕೆಗೆ ದ್ರೋಹ ಬಗೆದವರೆಂದೇ? ಇದು ದೇವರ ಚಿತ್ತ, ಇನ್ನು ಬದಲಾಗದು ಎಂದೇ? ದುಬಾಯ್ ಹಾಗೆ ಮಾಡಲಿಲ್ಲ. ಅವರನ್ನು ಮರಳಿ ಸೇರಿಸಿಕೊಂಡರು. ಕೋಳಿ ಕೂಗಿದ ಮೇಲೆ ಮರಳಿ ಬಂದ ಪೇತ್ರನ ಹಾಗೆ ಅವರನ್ನು ಕಂಡರು. ಮನುಷ್ಯನ ಇಚ್ಛೆಯನ್ನು ತುಳಿದು ಮಾಡಿಸಿದ್ದು ಮನುಷ್ಯನ ಸ್ವಂತ ಕೃತ್ಯವಲ್ಲ ಎಂಬ ಅರಿವು ಅದರಲ್ಲಿದೆ. ಎದೆಯಲ್ಲಿ ವಿಶ್ವಾಸ ನೆಮ್ಮದಿಯಾಗಿರುವಾಗ ಬಲವಂತಕ್ಕೆ ಸಿಕ್ಕಿ ನಾಲಿಗೆಯಿಂದ ನಿರಾಕರಿಸಿದವನನ್ನು ಕುರ್‌ಆನ್ ಕೂಡ ತಪ್ಪಿತಸ್ಥರ ಸಾಲಿನಿಂದ ಹೊರಗಿಡುತ್ತದೆ.

ದುಬಾಯ್ ಮಾಡಿದ ಇನ್ನೊಂದು ಕೆಲಸವನ್ನು ನಮ್ಮ ಜಿಲ್ಲೆಯವರು ನೆನೆಯಬೇಕು. ಆಗ ಸಿಡುಬು ಬಂದರೆ ಊರಿಗೆ ಊರೇ ಬರಿದಾಗುತ್ತಿತ್ತು. ಅದು ಅಮ್ಮನ ಕೋಪ, ಬಂದದ್ದನ್ನು ಅನುಭವಿಸಬೇಕು ಎಂಬುದು ಜನರ ಭಾವನೆ. ಇಂಗ್ಲೆಂಡಿನಲ್ಲಿ ಎಡ್ವರ್ಡ್ ಜೆನ್ನರ್ 1796ರಲ್ಲಿ ಪ್ರಯೋಗಿಸಿದ ಗೋಸಿಡುಬಿನ ಲಸಿಕೆ 1802ರಲ್ಲಿ ಭಾರತವನ್ನು ತಲುಪಿತು. ಮೈಸೂರು ಸೀಮೆಯಲ್ಲಿ ಅದನ್ನು ಹಬ್ಬಿಸಿದವರಲ್ಲಿ ದುಬಾಯ್ ಮುಂಚೂಣಿಯಲ್ಲಿದ್ದರು. 1803–04ರ ಅವಧಿಯಲ್ಲಿ 25 ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಸಿದ ಲೆಕ್ಕ ಅವರ ಹೆಸರಿನಲ್ಲಿದೆ. ಯಾವ ಮಗು ಉಳಿಯುತ್ತದೆ, ಯಾವುದು ಸಾಯುತ್ತದೆ ಎಂಬುದು ದೇವರಿಗೆ ಗೊತ್ತು ಎಂದು ನಂಬಿದ್ದ ಪಾದ್ರಿ, ಆ ಕಾರಣಕ್ಕಾಗಿ ಕೈಕಟ್ಟಿ ಕೂರಲಿಲ್ಲ. ದೇವರ ಅರಿವು ತನಗೆ ರಜೆ ಕೊಟ್ಟಿದೆ ಎಂದು ಭಾವಿಸಲಿಲ್ಲ. ಹೀಗೆ ಆರಂಭವಾದ ದಾರಿಯ ಕೊನೆಯಲ್ಲಿ 1980ರಲ್ಲಿ ಇಡೀ ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಇದೇ ದುಬಾಯ್ ಸುಮಾರು ಮೂವತ್ತು ವರ್ಷ ಇಲ್ಲಿ ದುಡಿದು 1823ರಲ್ಲಿ ಭಾರತವನ್ನು ಬಿಟ್ಟು ಹೋದರು. ಅದೇ ವರ್ಷ ಲಂಡನ್ನಿನಲ್ಲಿ ಭಾರತದ ಕ್ರೈಸ್ತ ಧರ್ಮದ ಸ್ಥಿತಿಯನ್ನು ಕುರಿತ ಅವರ ಪತ್ರಗಳ ಪುಸ್ತಕ ಹೊರಬಂತು. ಅದನ್ನು ಓದಿದರೆ ಬೇರೊಬ್ಬ ಮನುಷ್ಯ ಮಾತಾಡಿದಂತೆ ಕೇಳಿಸುತ್ತದೆ. ಹಿಂದೂಗಳನ್ನು ಕ್ರೈಸ್ತರಾಗಿಸಲು ಮಾನವ ಪ್ರಯತ್ನದಿಂದ ಸಾಧ್ಯವೇ ಇಲ್ಲ, ಅದರ ಕಾಲ ಮುಗಿದುಹೋಗಿದೆ ಎಂದು ಅವರು ಬರೆದರು. ಅಷ್ಟಕ್ಕೇ ನಿಲ್ಲಲಿಲ್ಲ. ಈ ಜನ ದೇವರ ಕರೆಯನ್ನು ಹಟದಿಂದ ತಿರಸ್ಕರಿಸಿದ್ದಾರೆ, ದೇವರು ಅವರ ಮೇಲೆ ಶಾಶ್ವತ ತಿರಸ್ಕಾರದ ಮುದ್ರೆಯೊತ್ತಿ ಕೈಬಿಟ್ಟಿದ್ದಾನೆ ಎಂಬ ಅರ್ಥದ ಮಾತುಗಳನ್ನೂ ಸೇರಿಸಿದರು. ಜೇಮ್ಸ್ ಹಫ್ ಎಂಬ ಇನ್ನೊಬ್ಬ ಪಾದ್ರಿ ಮರುವರ್ಷವೇ ಇದಕ್ಕೆ ಉತ್ತರವಾಗಿ ಪುಸ್ತಕ ಬರೆದರು.

ಒಬ್ಬ ಮಿಷನರಿ ಸೋತನೆಂದು ನಮಗೆ ಸಂತೋಷವೂ ಇಲ್ಲ, ದುಃಖವೂ ಇಲ್ಲ. ಯಾರು ಯಾವ ಧರ್ಮದಲ್ಲಿರಬೇಕೆಂಬುದು ಅವರವರ ಇಚ್ಛೆ. ನಮ್ಮನ್ನು ಕಾಡುವುದು ಬೇರೆ ಸಂಗತಿ. ಜನ ತನ್ನ ಮಾತಿಗೆ ಒಲಿಯಲಿಲ್ಲ ಎಂಬುದು ದುಬಾಯ್ ಕಣ್ಣಾರೆ ಕಂಡ ಸತ್ಯ. ಅದನ್ನು ಹೇಳುವ ಹಕ್ಕು ಅವರಿಗಿತ್ತು. ದೇವರು ಅವರನ್ನು ಕೈಬಿಟ್ಟಿದ್ದಾನೆ ಎಂಬುದನ್ನು ಅವರು ಎಲ್ಲಿ ಕಂಡರು? ತನ್ನ ಅನುಭವಕ್ಕೆ ದೇವರ ಸಹಿ ಹಾಕಿಸಿಕೊಳ್ಳುವ ಅಧಿಕಾರ ಯಾವ ಮನುಷ್ಯನಿಗಿದೆ? ಮೊದಲು ಬಂದ ದುಬಾಯ್, ದೇವರು ಬಲ್ಲ, ನನ್ನ ಕೆಲಸ ನಾನು ಮಾಡುತ್ತೇನೆ ಎಂಬಂತೆ ನಡೆದುಕೊಂಡರು. ಹೊರಟು ನಿಂತ ದುಬಾಯ್, ದೇವರು ಬಲ್ಲದ್ದನ್ನು ನಾನೂ ಬಲ್ಲೆ ಎಂಬಂತೆ ಬರೆದರು.

ಆ ಪುಸ್ತಕದಲ್ಲಿ ಇನ್ನೂ ಒಂದು ಲೆಕ್ಕವಿದೆ. ಇಷ್ಟು ವರ್ಷಗಳಲ್ಲಿ ತಮ್ಮಿಂದ ಕ್ರೈಸ್ತರಾದವರು ಇನ್ನೂರು ಮುನ್ನೂರು ಜನ ಮಾತ್ರ, ಅವರಲ್ಲಿ ಮೂರನೇ ಎರಡು ಪಾಲು ಹೊಲೆಯರೆಂದು ದೂರವಿಟ್ಟ ಜನ ಇಲ್ಲವೇ ಭಿಕ್ಷುಕರು, ಬಂದವರೂ ನಿಜವಾದ ನಂಬಿಕೆಯಿಂದ ಬಂದವರಲ್ಲ ಎಂಬಂತೆ ಅವರು ಬರೆದಿದ್ದಾರೆ. ಊರ ಹೊರಗೆ ಬದುಕಿದ ಒಬ್ಬ ಹಸಿದ ಮನುಷ್ಯ ತನ್ನನ್ನು ಒಳಗೆ ಕರೆದ ಬಾಗಿಲಿಗೆ ಹೋದರೆ ಅವನ ಎದೆಯಲ್ಲಿದ್ದುದು ಬರೀ ಹೊಟ್ಟೆಪಾಡೇ? ಗೌರವದ ಆಸೆ ಇರಲಿಲ್ಲವೇ? ದೇವರ ಹಂಬಲ ಇರಲಿಲ್ಲವೇ? ಬಡವನ ಇಚ್ಛೆಯನ್ನು ಇಚ್ಛೆಯೆಂದೇ ಎಣಿಸದ ಅಭ್ಯಾಸ ಅಂದಿನ ಪಾದ್ರಿಗೆ ಮಾತ್ರ ಇದ್ದದ್ದಲ್ಲ. ಇಂದಿಗೂ ಬಡವ ಧರ್ಮ ಬದಲಿಸಿದರೆ ಆಮಿಷ, ಓಟು ಹಾಕಿದರೆ ಹೆಂಡ, ಮಗಳನ್ನು ಓದಿಸಿದರೆ ಯಾರದೋ ಚಿತಾವಣೆ ಎನ್ನುವವರಿದ್ದಾರೆ. ಉಳ್ಳವನು ಮಾಡಿದ್ದೆಲ್ಲ ಆಯ್ಕೆ, ಇಲ್ಲದವನು ಮಾಡಿದ್ದೆಲ್ಲ ಹಣೆಬರಹ. ಸ್ವತಂತ್ರ ಇಚ್ಛೆಯ ಪ್ರಶ್ನೆ ಇಲ್ಲಿ ದೇವಶಾಸ್ತ್ರದ ಪುಟ ಬಿಟ್ಟು ಬೀದಿಗೆ ಇಳಿಯುತ್ತದೆ.

ಬೈಬಲಿನ ಯೋನ, ನಮ್ಮ ಯೂನುಸ್(ಅ), ಇದೇ ಪಾಠವನ್ನು ಕಲಿಯಬೇಕಾಯಿತು. ಇನ್ನು ನಲವತ್ತು ದಿನಕ್ಕೆ ನಿನೆವೆ ಪಟ್ಟಣ ನಾಶವಾಗುತ್ತದೆ ಎಂದು ಅವರು ಸಾರಿದರು. ಪಟ್ಟಣದವರು ಕೆಡುಕಿನಿಂದ ಹಿಂದಿರುಗಿದರು. ಪಟ್ಟಣ ಉಳಿಯಿತು. ಬೈಬಲಿನ ಕಥೆಯಲ್ಲಿ ಯೋನನಿಗೆ ಇದರಿಂದ ಸಿಟ್ಟು ಬರುತ್ತದೆ, ತಾನು ಸಾರಿದ ಮಾತು ಸುಳ್ಳಾಯಿತಲ್ಲ ಎಂಬಂತೆ. ಕುರ್‌ಆನ್ ಕೂಡ ಯೂನುಸರ ಜನಾಂಗವನ್ನು, ವಿಶ್ವಾಸದಿಂದ ಶಿಕ್ಷೆ ತಪ್ಪಿಸಿಕೊಂಡವರೆಂದು ವಿಶೇಷವಾಗಿ ಹೆಸರಿಸುತ್ತದೆ. ಪ್ರವಾದಿಗೇ ಒಂದು ಜನಾಂಗದ ಅಂತ್ಯವನ್ನು ನಿರ್ಣಯಿಸುವ ಅಧಿಕಾರ ಇರಲಿಲ್ಲವೆಂದರೆ ಮೂವತ್ತು ವರ್ಷ ದುಡಿದು ದಣಿದ ಪಾದ್ರಿಗೆ ಎಲ್ಲಿಂದ ಬರಬೇಕು? ನಮಗೆ ನಿಮಗೆ ಎಲ್ಲಿಂದ ಬರಬೇಕು?

ಇಸ್ಲಾಮೀ ಚರಿತ್ರೆಯಲ್ಲಿಯೂ ಈ ಪ್ರಶ್ನೆ ಒಂದು ಸಾಂಕ್ರಾಮಿಕ ರೋಗದ ಮುಂದೆ ಎದ್ದು ನಿಂತಿತ್ತು. ಖಲೀಫ ಉಮರ್(ರ) ಸಿರಿಯಾದ ಕಡೆ ಹೊರಟಾಗ ಅಲ್ಲಿ ಪ್ಲೇಗ್ ಹಬ್ಬಿರುವ ಸುದ್ದಿ ಬಂತು. ಹಿರಿಯರೊಡನೆ ಸಮಾಲೋಚಿಸಿ ಅವರು ಹಿಂದಿರುಗಲು ತೀರ್ಮಾನಿಸಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುವಿರಾ ಎಂದು ಅಬೂ ಉಬೈದಾ(ರ) ಕೇಳಿದರು. ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬುದು ಉಮರ್ ಕೊಟ್ಟ ಉತ್ತರದ ಸಾರ. ಒಂದು ಕಣಿವೆಗೆ ಎರಡು ಮಗ್ಗುಲಿದ್ದು ಒಂದು ಹಸಿರಾಗಿ, ಇನ್ನೊಂದು ಬರಡಾಗಿದ್ದರೆ ಒಂಟೆಗಳನ್ನು ಎತ್ತ ಮೇಯಿಸಿದರೂ ಅದು ವಿಧಿಯೇ, ಹಾಗಿರುವಾಗ ಹಸಿರಿನ ಕಡೆಗೆ ಒಯ್ಯದಿರಲು ಕಾರಣವೇನು ಎಂದು ಅವರು ವಿವರಿಸಿದರು. ಒಂಟೆಯ ಜಾಗದಲ್ಲಿ ಕುರಿ ಎಂದಿಟ್ಟುಕೊಂಡರೆ ನಾಗಮಂಗಲದ ಕುರಿಗಾಹಿಗೂ ಅರ್ಥವಾಗುವ ಮಾತಿದು. ಮುಂದೆ ಮುಸ್ಲಿಮ್ ಪಂಡಿತರೂ ಕ್ರೈಸ್ತರಂತೆಯೇ ಪಂಗಡಗಳಾಗಿ ವಾದಿಸಿದರು. ಆದರೆ ಜನಸಾಮಾನ್ಯನಿಗೆ ಬೇಕಾದ ಬೆಳಕು ಆ ಕಣಿವೆಯ ಮಾತಿನಲ್ಲೇ ಇದೆ.

ಹಾಗಾದರೆ ಗಂಟು ಬಿಚ್ಚಿತೇ? ಪೂರ್ತಿ ಬಿಚ್ಚಿತೆಂದು ನಾವು ಹೇಳುವುದಿಲ್ಲ. ಎಲ್ಲವನ್ನೂ ಸೃಷ್ಟಿಸಿದವನು ಎಲ್ಲವನ್ನೂ ಬಲ್ಲನಾದರೂ ಮನುಷ್ಯ ಸ್ವತಂತ್ರನಾಗಿರುವುದು ಹೇಗೆ ಎಂಬುದರಲ್ಲಿ ಒಂದು ಮರ್ಮ ಉಳಿದೇ ಉಳಿಯುತ್ತದೆ. ಆದರೆ ಬಾಳುವುದಕ್ಕೆ ಬೇಕಾದಷ್ಟು ಸ್ಪಷ್ಟತೆ ಸಿಕ್ಕಿದೆ. ಮುಂದಾಗುವುದರ ಅರಿವು ದೇವರಲ್ಲಿದೆ, ನಮ್ಮಲ್ಲಿಲ್ಲ. ಅದು ನಮ್ಮಲ್ಲಿಲ್ಲದ ಕಾರಣಕ್ಕೇ ನಮ್ಮ ಮುಂದೆ ಆಯ್ಕೆಗಳಿವೆ. ತಕ್ಕಡಿ ಹಿಡಿದ ಅಂಗಡಿಯವನಿಗೆ ದೇವರ ಪುಸ್ತಕದಲ್ಲಿ ಏನಿದೆ ಎಂದು ತಿಳಿಯದು. ತಕ್ಕಡಿಯ ಮುಳ್ಳು ಎಲ್ಲಿರಬೇಕೆಂಬುದು ಮಾತ್ರ ಚೆನ್ನಾಗಿ ತಿಳಿದಿದೆ. ಅವನನ್ನು ವಿಚಾರಿಸಲಾಗುವುದು ತಿಳಿದಿದ್ದರ ಬಗ್ಗೆ.

ಕೆಡುವುದೆಲ್ಲ ನಾವು ಆ ಪುಸ್ತಕವನ್ನು ಓದಿಬಂದವರಂತೆ ಮಾತಾಡುವಾಗ. ಈ ಹುಡುಗನ ಹಣೆಯಲ್ಲಿ ವಿದ್ಯೆ ಬರೆದಿಲ್ಲ ಎಂದು ಮೇಷ್ಟ್ರು ಹೇಳಿದ ದಿನದಿಂದ ಅವನ ಸ್ಲೇಟು ಮೂಲೆ ಸೇರುತ್ತದೆ. ಆ ಜಾತಿಯೇ ಅಷ್ಟು, ಆ ಕೋಮೇ ಹಾಗೆ, ಎಷ್ಟು ತಿದ್ದಿದರೂ ಬದಲಾಗುವವರಲ್ಲ ಎಂಬ ಮಾತು ಹೋಟೆಲಿನ ಬೆಂಚಿನಿಂದ ಹಿಡಿದು ದೊಡ್ಡ ವೇದಿಕೆಗಳವರೆಗೆ ಕೇಳುತ್ತದೆ. ಮುಸ್ಲಿಮರಾದ ನಮ್ಮ ಬಗ್ಗೆ ಇಂಥ ತೀರ್ಪುಗಳು ದಿನವೂ ಬರುತ್ತವೆ, ಅವು ನೋಯಿಸುತ್ತವೆ. ಆದರೆ ನೆರೆಯವನನ್ನು ನೋಡಿ ಇವನು ಎಂದಿದ್ದರೂ ನರಕದವನು ಎಂದು ನಮ್ಮೊಳಗಿನ ಯಾರಾದರೂ ಹೇಳಿದಾಗ ಅದೂ ಅದೇ ಅಪರಾಧ. ಮನುಷ್ಯನ ಕೊನೆಯ ಪುಟ ಬರೆಯುವ ಲೇಖನಿಯನ್ನು ದೇವರು ಯಾವ ಕೋಮಿನ ಕೈಗೂ ಕೊಟ್ಟಿಲ್ಲ.

ಯಾರಾದರೂ ಬಿದ್ದಾಗ ಇದು ಅವನ ಹಣೆಬರಹ ಎಂದು ಪಕ್ಕಕ್ಕೆ ಸರಿಯುವ ಬದಲು ಕೈಕೊಟ್ಟು ಎಬ್ಬಿಸೋಣ. ಅವನು ಏಳುತ್ತಾನೋ ಇಲ್ಲವೋ ಎಂಬುದು ದೇವರಿಗೆ ಗೊತ್ತು. ಕೈ ಕೊಡುವುದು ನಮಗೆ ಗೊತ್ತು.